ಕೊಪ್ಪಳದ ದ್ರಾಕ್ಷಿ ಸೀಮೆಯಲ್ಲಿ ಒಂದು ದಿನ: ಖಾಸಗಿ ವೈನ್ ಪ್ರವಾಸ ಏರ್ಪಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ವೈನ್ ಪ್ರವಾಸ ಅಂದ ಕೂಡಲೇ ನಮ್ಮ ಜನ ನಾಸಿಕ್ ಅಥವಾ ನಂದಿ ಬೆಟ್ಟದ ಕಡೆ ಮುಖ ಮಾಡುತ್ತಾರೆ. ಅಲ್ಲಿ ಟಿಕೆಟ್ ಕೌಂಟರ್ ಇದೆ, ಟೇಸ್ಟಿಂಗ್ ರೂಮ್ ಇದೆ, ಗಾಡಿ ನಿಲ್ಲಿಸಲು ಜಾಗವೂ ಇದೆ. ಕೊಪ್ಪಳ ಜಿಲ್ಲೆಯಲ್ಲಿ ಅಂಥ ಸಾಲು ಸಾಲು ಏರ್ಪಾಡು ಇಲ್ಲ. ಇರುವುದು ಬಂಡೆಗುಡ್ಡಗಳ ನಡುವಿನ ಕೆಂಪು ಮಸಾರಿ ನೆಲ, ವರ್ಷಕ್ಕೆ 600 ಮಿ.ಮೀ. ಮುಟ್ಟದ ಮಳೆ, ಚಳಿಗಾಲದಲ್ಲಿ ಹಗಲಿಗೂ ರಾತ್ರಿಗೂ ಬಹಳ ಅಂತರವಿರುವ ಹವೆ. ವೈನ್ ದ್ರಾಕ್ಷಿಗೆ ಬೇಕಾದದ್ದು ಇದೇ. ಕ್ರಿಸ್ಮಾ ಎಸ್ಟೇಟ್ಸ್ ಎಂಬ ವೈನರಿ ಈ ಗುಡ್ಡಗಳ ನಡುವೆಯೇ ಕ್ಯಾಬರ್ನೆ ಸೊವಿನ್ಯೋ, ಸಾಂಜೊವೇಸೆ ಎಂಬ ಕೆಂಪು ವೈನಿನ ತಳಿಗಳನ್ನು ಬೆಳೆದು ವೈನ್ ಮಾಡುತ್ತಿದೆ. ಕುಷ್ಟಗಿ ಸೀಮೆಯಲ್ಲಿ ತಿನ್ನುವ ದ್ರಾಕ್ಷಿಯ ತೋಟಗಳಿವೆ. ಕನಕಗಿರಿ, ಆನೆಗೊಂದಿ ಎರಡೂ ಒಂದು ದಿನದ ಓಡಾಟದೊಳಗೇ ಬರುತ್ತವೆ.

ಆದರೆ ಇವನ್ನೆಲ್ಲ ಒಂದು ದಿನವಾಗಿ ಹೆಣೆಯುವವರು ಬೇಕು. ಕೊಪ್ಪಳ, ಗಂಗಾವತಿ, ಹೊಸಪೇಟೆಯಲ್ಲಿ ಹೋಮ್‌ಸ್ಟೇ ನಡೆಸುವವರು, ಟ್ಯಾಕ್ಸಿ ಇಟ್ಟವರು, ಗೈಡ್ ಕೆಲಸ ಮಾಡುವವರು ಈ ದಿನವನ್ನು ಹೇಗೆ ಕಟ್ಟಬೇಕು ಅನ್ನುವುದು ಇಲ್ಲಿದೆ. ಪ್ರವಾಸಿಗರೂ ಓದಿಕೊಂಡರೆ ತಮ್ಮ ಗೈಡ್‌ಗೆ ಏನು ಕೇಳಬೇಕು ಎಂದು ತಿಳಿಯುತ್ತದೆ.

ಮೊದಲೇ ಒಂದು ಮಾತು. ಇಡೀ ದಿನದಲ್ಲಿ ಬಳ್ಳಿಯ ಸಾಲುಗಳ ನಡುವೆ ಎರಡು ಗಂಟೆ, ಗ್ಲಾಸಿನ ಮುಂದೆ ಒಂದೂಕಾಲು ಗಂಟೆ. ಈ ಲೆಕ್ಕ ತಿರುಗುಮುರುಗಾದರೆ ಅದು ಕುಡಿಯುವ ಪ್ರವಾಸವಾಗುತ್ತದೆ, ಅದಕ್ಕೆ ಗೈಡ್ ಬೇಕಾಗಿಲ್ಲ.

ತಿಂಗಳು ನೋಡಿ ದಿನ ಹಿಡಿಯಿರಿ

ನಮ್ಮ ಕಡೆ ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವುದು. ಏಪ್ರಿಲ್ ಚಾಟ್ನಿ ಕಡ್ಡಿ ಬಲಿಯಲಿಕ್ಕೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಅಕ್ಟೋಬರ್‌ನಲ್ಲಿ ಕತ್ತರಿ ಬಿದ್ದ ಮೇಲೆ ಎರಡು ವಾರದೊಳಗೆ ಕಣ್ಣು ಒಡೆಯುತ್ತದೆ, ಸುಮಾರು ನಲವತ್ತು ದಿನಕ್ಕೆ ಹೂ ಕಾಣುತ್ತದೆ. ವೈನ್ ತಳಿಗಳು ಕೊಯ್ಲಿಗೆ ಬರಲು ಚಾಟ್ನಿಯಿಂದ 120ರಿಂದ 140 ದಿನ ಹಿಡಿಯುತ್ತದೆ. ಅಲ್ಲಿಗೆ ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗೆ ಹಣ್ಣು ನೋಡುವ ಕಾಲ. ಬಿಳಿ ವೈನಿನ ತಳಿ ಮೊದಲು ಕೊಯ್ಲಾಗುತ್ತದೆ, ಕೆಂಪಿನದು ಹಿಂದಿನಿಂದ.

ಹೊಸದಾಗಿ ಶುರು ಮಾಡುವವರಿಗೆ ಫೆಬ್ರವರಿಯ ಮೊದಲ ಮೂರು ವಾರ ಎಲ್ಲಕ್ಕಿಂತ ಒಳ್ಳೆಯದು. ಗೊಂಚಲು ಕೈಗೆ ಸಿಗುತ್ತದೆ, ವೈನರಿಯಲ್ಲಿ ಕೆಲಸ ನಡೆದಿರುತ್ತದೆ, ಹನ್ನೊಂದು ಗಂಟೆವರೆಗೆ ಬಿಸಿಲು ತಡೆಯುವಂತಿರುತ್ತದೆ. ನವೆಂಬರ್-ಡಿಸೆಂಬರ್‌ನಲ್ಲಿ ಹಣ್ಣಿಲ್ಲದಿದ್ದರೂ ತೋಟ ಹಸಿರಾಗಿ ಚೆಂದ ಕಾಣುತ್ತದೆ. ಫೋಟೊ ತೆಗೆಯುವವರಿಗೆ ಈ ಕಾಲವೇ ಇಷ್ಟ. ಏಪ್ರಿಲ್-ಮೇನಲ್ಲಿ ಯಾರೇ ಕೇಳಿದರೂ ಬೇಡ ಅನ್ನಿ. ತೋಟದಲ್ಲಿ ಬೋಳು ಕಡ್ಡಿ, ಮೇಲೆ 40 ಡಿಗ್ರಿ ಬಿಸಿಲು. ಹಣ ಬರುತ್ತದೆಂದು ಒಪ್ಪಿಕೊಂಡರೆ ಬಂದವರು ಇನ್ನೆಂದೂ ತಿರುಗಿ ಬರುವುದಿಲ್ಲ.

ದಿನಾಂಕ ಹಿಡಿಯುವಾಗ ಜಾತ್ರೆಗಳ ಕ್ಯಾಲೆಂಡರ್ ಎದುರಿಗಿರಲಿ. ಜನವರಿ ಸುಮಾರಿನ ಗವಿಸಿದ್ಧೇಶ್ವರ ಜಾತ್ರೆಯ ದಿನಗಳಲ್ಲಿ ಕೊಪ್ಪಳದೊಳಗೆ ಗಾಡಿ ಹೋಗುವುದು ಕಷ್ಟ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಹುಲಿಗಿಯಲ್ಲಿ ಹುಲಿಗೆಮ್ಮನ ದರ್ಶನಕ್ಕೆ ಬಂದವರಿಂದ ಮುನಿರಾಬಾದ್ ದಾರಿ ಕಟ್ಟುತ್ತದೆ. ಶನಿವಾರ ಅಂಜನಾದ್ರಿ ಕಡೆ ಜನವೋ ಜನ. ಬುಧವಾರ, ಗುರುವಾರ ಹಿಡಿದರೆ ಅರ್ಧ ತಲೆನೋವು ಕಡಿಮೆ.

ತೋಟದ ಒಪ್ಪಿಗೆ, ವೈನರಿಯ ಒಪ್ಪಿಗೆ

ಇವೆರಡೂ ಬೇರೆ ಬೇರೆ. ತೋಟಕ್ಕೆ ಹೂಂ ಅಂದ ಮಾತ್ರಕ್ಕೆ ವೈನರಿಯೊಳಗೆ ಬಿಡುತ್ತಾರೆ ಅಂತಿಲ್ಲ. ವೈನರಿ ಅಬಕಾರಿ ಲೈಸೆನ್ಸ್ ಇರುವ ಜಾಗ. ಕನಿಷ್ಠ ಮೂರು ವಾರ ಮೊದಲು ಲಿಖಿತವಾಗಿ ಕೇಳಿ. ವಾಟ್ಸಾಪ್ ಸಂದೇಶವಾದರೂ ಸಾಕು, ಆದರೆ ಅದರಲ್ಲಿ ಈ ಐದು ಸಂಗತಿ ಇರಲೇಬೇಕು: ದಿನಾಂಕ ಮತ್ತು ತಲುಪುವ ಹೊತ್ತು, ಒಟ್ಟು ಜನ, ಅದರಲ್ಲಿ ಮಕ್ಕಳೆಷ್ಟು, ಫೋಟೊ-ವಿಡಿಯೊ ತೆಗೆಯುತ್ತೀರೋ ಇಲ್ಲವೋ, ರುಚಿ ನೋಡುವುದಕ್ಕೆ ಕೇಳುತ್ತಿದ್ದೀರೋ ಬರೀ ನೋಡುವುದಕ್ಕೋ. ಹಿಂದಿನ ದಿನ ಸಂಜೆ ಮತ್ತೊಮ್ಮೆ ಫೋನ್ ಮಾಡಿ. ಕೊಯ್ಲಿನ ಕಾಲದಲ್ಲಿ ತೀರ್ಮಾನ ರಾತ್ರೋರಾತ್ರಿ ಬದಲಾಗುತ್ತದೆ: ಸಕ್ಕರೆ ಅಂಶ ಹದಕ್ಕೆ ಬಂದರೆ ಮರುದಿನ ಬೆಳಗಿನ ಜಾವವೇ ಕೊಯ್ಲು.

ವೈನರಿಯವರು ಒಪ್ಪದಿದ್ದರೆ ದಿನ ಮುಗಿಯಿತು ಅಂತಲ್ಲ. ತಿನ್ನುವ ದ್ರಾಕ್ಷಿಯ ತೋಟವನ್ನು ಬೆಳಿಗ್ಗೆ ತೋರಿಸಿ, ರುಚಿ ನೋಡುವುದನ್ನು ಹೊಸಪೇಟೆ ಅಥವಾ ಕೊಪ್ಪಳದ ಲೈಸೆನ್ಸ್ ಇರುವ ಹೋಟೆಲಿನಲ್ಲಿ ಇಟ್ಟುಕೊಳ್ಳಿ. ಯಾವ ವೈನ್ ತರಿಸಬೇಕೆಂದು ವಾರ ಮೊದಲೇ ಹೋಟೆಲಿನವರಿಗೆ ಹೇಳಿಡಿ, ಇಲ್ಲದಿದ್ದರೆ ಆ ದಿನ ಇರುವುದನ್ನೇ ಕೊಡುತ್ತಾರೆ. ಅತಿಥಿಗಳಿಗೂ ಇದನ್ನು ಮುಂಚೆಯೇ ಹೇಳಿ. ‘ವೈನರಿ ತೋರಿಸುತ್ತೇವೆ’ ಎಂದು ಕರೆತಂದು ಗೇಟ್ ತೋರಿಸುವುದು ಮೋಸ.

ರೈತರ ತೋಟಕ್ಕೆ ಬಿಟ್ಟಿ ಹೋಗಬೇಡಿ. ಗುಂಪಿಗೆ ಇಷ್ಟು ಎಂದು ಒಂದು ಮೊತ್ತ ಮೊದಲೇ ಮಾತಾಡಿ, ಹೊರಡುವ ಮುನ್ನ ಕೊಟ್ಟುಬಿಡಿ. ಎರಡು ಗಂಟೆ ಅವರ ಆಳುಗಳ ಗಮನ ನಿಮ್ಮ ಮೇಲಿರುತ್ತದೆ, ಅದಕ್ಕೂ ಬೆಲೆಯಿದೆ. ಒಂದು ಗುಂಪಿನಲ್ಲಿ ಆರು ಜನ ದಾಟಬಾರದು. ಏಳನೆಯವರಿಗೆ ಸಾಲಿನ ನಡುವೆ ನೀವು ಹೇಳಿದ್ದು ಕೇಳಿಸುವುದಿಲ್ಲ.

ಕಾನೂನಿನ ಮಾತು

ವೈನ್ ಸುರಿಯುವುದು ಲೈಸೆನ್ಸ್ ಇರುವ ಜಾಗದಲ್ಲಿ ಮಾತ್ರ. ಗಾಡಿಯೊಳಗೆ, ಗುಡ್ಡದ ಮೇಲೆ, ಹೊಳೆ ದಂಡೆಯಲ್ಲಿ, ರೈತರ ತೋಟದಲ್ಲಿ ಬೇಡವೇ ಬೇಡ. ಗೈಡ್ ಆದವರು ಬಾಟಲಿ ಕೊಂಡು ತಂದು ಪ್ಯಾಕೇಜಿನಲ್ಲಿ ಸೇರಿಸಿ ಕೊಟ್ಟರೆ ಅದು ಲೈಸೆನ್ಸ್ ಇಲ್ಲದ ಮಾರಾಟ. ಅತಿಥಿಗಳು ವೈನಿನ ಹಣವನ್ನು ನೇರವಾಗಿ ವೈನರಿಗೋ ಹೋಟೆಲಿಗೋ ಕೊಡಲಿ, ಬಿಲ್ ಅವರ ಹೆಸರಿನಲ್ಲೇ ಇರಲಿ. 21 ತುಂಬದವರಿಗೆ ಒಂದು ಗುಟುಕೂ ಇಲ್ಲ, ಅಪ್ಪ-ಅಮ್ಮ ಪರವಾಗಿಲ್ಲ ಅಂದರೂ ಇಲ್ಲ. ಅಕ್ಟೋಬರ್ 2, ಚುನಾವಣೆಯ ದಿನಗಳು, ಹಬ್ಬ-ಮೆರವಣಿಗೆಗೆಂದು ಜಿಲ್ಲಾಡಳಿತ ಹೊರಡಿಸುವ ನಿಷೇಧದ ದಿನಗಳನ್ನು ಮೊದಲೇ ನೋಡಿಕೊಳ್ಳಿ.

ಗಾಡಿ ಹಳದಿ ಬೋರ್ಡಿನದೇ ಆಗಿರಬೇಕು. ಸ್ನೇಹಿತನ ಬಿಳಿ ಬೋರ್ಡ್ ಕಾರನ್ನು ಬಾಡಿಗೆಗೆ ಓಡಿಸಿ ಅಪಘಾತವಾದರೆ ಇನ್ಶೂರೆನ್ಸ್ ಕೈ ಕೊಡುತ್ತದೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿ ಮದ್ಯಸಾರ ಇದ್ದರೆ ಅಪರಾಧ. ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಡ್ರೈವರ್ ಅಣ್ಣನಿಗೆ ಈ ಮಿತಿಯ ಲೆಕ್ಕವೇ ಬೇಡ, ಸೊನ್ನೆ ಅಂದರೆ ಸೊನ್ನೆ. ಅತಿಥಿಗಳು ಪ್ರೀತಿಯಿಂದ ‘ನೀವೂ ಒಂದು ತಗೊಳ್ರಿ’ ಅನ್ನುತ್ತಾರೆ. ಆಗ ಇಲ್ಲ ಅನ್ನುವ ಕೆಲಸ ಗೈಡ್‌ದು, ಡ್ರೈವರ್ ಮೇಲೆ ಹಾಕಬೇಡಿ.

ಬರುವವರನ್ನು ಮೊದಲೇ ಕೇಳಿ

ಬುಕಿಂಗ್ ವೇಳೆಯಲ್ಲೇ ಕೇಳಬೇಕಾದದ್ದು: ಗರ್ಭಿಣಿಯರಿದ್ದಾರೆಯೇ, ಸಕ್ಕರೆ ಕಾಯಿಲೆ ಇದೆಯೇ, ಉಬ್ಬಸ ಇದೆಯೇ (ವೈನಿನಲ್ಲಿರುವ ಸಲ್ಫೈಟ್ ಕೆಲವರಿಗೆ ಉಬ್ಬಸ ಕೆರಳಿಸುತ್ತದೆ), ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಹೊಟ್ಟೆ ಕೆಟ್ಟಾಗ ಕೊಡುವ ಮೆಟ್ರೊನಿಡಜೋಲ್ ಮಾತ್ರೆ ನುಂಗುತ್ತಿರುವವರಿಗೆ ಮದ್ಯ ಬೇಡ ಎಂದೇ ವೈದ್ಯರು ಹೇಳುತ್ತಾರೆ. ಹಂಪಿ ಸುತ್ತಿ ಹೊಟ್ಟೆ ಕೆಡಿಸಿಕೊಂಡು ಬರುವವರಲ್ಲಿ ಈ ಮಾತ್ರೆ ಸಾಮಾನ್ಯ. ಸೋಮವಾರ, ಶನಿವಾರ, ಏಕಾದಶಿ ವ್ರತ ಹಿಡಿದವರು ಇರುತ್ತಾರೆ. ಕುಡಿಯದೆ ಜೊತೆಗೆ ಬರುವವರೂ ಪ್ರತಿ ಗುಂಪಿನಲ್ಲಿ ಇದ್ದೇ ಇರುತ್ತಾರೆ. ಅವರಿಗೆ ತಾಜಾ ದ್ರಾಕ್ಷಿ ರಸ ಅದೇ ಗ್ಲಾಸಿನಲ್ಲಿ ಸಿಗುವಂತೆ ನೋಡಿಕೊಳ್ಳಿ.

ಮುಚ್ಚಿದ ಶೂ, ತುಂಬು ತೋಳಿನ ಹತ್ತಿ ಬಟ್ಟೆ, ಟೋಪಿ ತರಲು ಹೇಳಿ. ಆ ದಿನ ಸೆಂಟ್ ಹಾಕಿಕೊಳ್ಳಬೇಡಿ ಎಂದೂ ಹೇಳಿ. ಒಬ್ಬರ ಮೈಮೇಲಿನ ಸೆಂಟ್ ಆರೂ ಜನರ ಗ್ಲಾಸಿನ ಘಮವನ್ನು ನುಂಗಿಹಾಕುತ್ತದೆ.

ದಾರಿ ಮತ್ತು ಹೊತ್ತು

ಹೊಸಪೇಟೆಯಿಂದ ಹೊರಟು ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕುಷ್ಟಗಿ ಕಡೆ, ಅಲ್ಲಿಂದ ತಾವರಗೇರಾ, ಕನಕಗಿರಿ, ಗಂಗಾವತಿ ಮೇಲೆ ವಾಪಸ್. ತೋಟಗಳಿಗೆ ಒಳಗೆ ಹೋಗಿ ಬರುವುದೂ ಸೇರಿ 180-200 ಕಿ.ಮೀ. ಆಗುತ್ತದೆ. ಕೊಪ್ಪಳದಿಂದ ಹೊರಡುವವರಿಗೆ ಇನ್ನೂ ಕಡಿಮೆ. ಕಾಗದದ ಮೇಲೆ ಇದು ನಾಲ್ಕು ಗಂಟೆಯ ಓಟ. ಹೆದ್ದಾರಿ ಬಿಟ್ಟ ಮೇಲೆ ಗಂಟೆಗೆ 35 ಕಿ.ಮೀ. ಎಂದು ಲೆಕ್ಕ ಹಿಡಿಯಿರಿ: ಟ್ರ್ಯಾಕ್ಟರ್, ಕುರಿ ಹಿಂಡು, ಊರೂರಿನ ಹಂಪು, ಕೊಯ್ಲಿನ ದಿನಗಳಲ್ಲಿ ಗಂಗಾವತಿ-ಕಾರಟಗಿ ಕಡೆ ರಸ್ತೆಯ ಅರ್ಧದವರೆಗೆ ಒಣಗಲು ಹಾಕಿದ ಭತ್ತ.

ಫೆಬ್ರವರಿಯ ಒಂದು ದಿನ ಹೀಗೆ ಕೂಡುತ್ತದೆ. ಬೆಳಿಗ್ಗೆ 6ಕ್ಕೆ ಚಹಾ ಕುಡಿದು ಹೊರಡುವುದು. 7:30ಕ್ಕೆ ತೋಟ. 9:30ಕ್ಕೆ ತಿಂಡಿ, ಮಂಡಕ್ಕಿ ಒಗ್ಗರಣೆ, ಇಡ್ಲಿ ಸರಿ, ಮಿರ್ಚಿ ಭಜಿ ಮಾತ್ರ ಈಗ ಬೇಡ (ಕಾರಣ ಮುಂದಿದೆ). 10:30ಕ್ಕೆ ಕನಕಗಿರಿ. 12ರಿಂದ 1:15 ವೈನರಿ ಮತ್ತು ರುಚಿ. 1:45ಕ್ಕೆ ಊಟ. ಒಂದು ತಾಸು ನೆರಳಲ್ಲಿ ವಿಶ್ರಾಂತಿ. 4ರ ಮೇಲೆ ಒಂದೇ ಒಂದು ಜಾಗ, 6:30ರೊಳಗೆ ಮನೆ. ನಿಮಗೆ ಸಿಕ್ಕ ವೈನರಿ ಎಲ್ಲಿದೆ ಅನ್ನುವುದರ ಮೇಲೆ ಅರ್ಧ ಗಂಟೆ ಹಿಂದೆ ಮುಂದೆ ಮಾಡಿಕೊಳ್ಳಿ, ಕ್ರಮ ಮಾತ್ರ ಬದಲಿಸಬೇಡಿ.

ಕ್ರಮದ ಹಿಂದೆ ಎರಡು ಕಾರಣಗಳಿವೆ. ನಾಲಿಗೆ ಮತ್ತು ಮೂಗು ಊಟಕ್ಕೆ ಮುಂಚೆ ಚುರುಕಾಗಿರುತ್ತವೆ, ಉಂಡ ಮೇಲೆ ರುಚಿ ನೋಡುವುದು ವ್ಯರ್ಥ. ಇನ್ನೊಂದು ಅದಕ್ಕಿಂತ ದೊಡ್ಡದು: ಗುಡಿಗೆ ಹೋಗುವುದಿದ್ದರೆ ಕುಡಿಯುವ ಮೊದಲೇ ಹೋಗಬೇಕು. ವೈನ್ ವಾಸನೆ ಇಟ್ಟುಕೊಂಡು ಕನಕಗಿರಿಯ ದೇವರು ಕನಕಾಚಲಪತಿಯ ಮುಂದೆ ನಿಲ್ಲುವಂತೆ ಯಾರನ್ನೂ ಮಾಡಬೇಡಿ. ಊರಿನವರ ಮನಸ್ಸು ಒಮ್ಮೆ ಮುರಿದರೆ ನಿಮ್ಮ ನಂತರ ಬರುವ ಎಲ್ಲ ಗೈಡ್‌ಗಳಿಗೂ ಬಾಗಿಲು ಮುಚ್ಚುತ್ತದೆ. ಮಧ್ಯಾಹ್ನ ಗುಡಿ ಬಾಗಿಲು ಹಾಕುವುದರಿಂದಲೂ ಬೆಳಗಿನ ಹೊತ್ತೇ ಸರಿ.

‘ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು’ ಅಂತ ಗಾದೆಯೇ ಇದೆ. ಕನಕಗಿರಿಗೆ ಕಾಲು ಗಂಟೆ ಕೊಟ್ಟು ಓಡಿಸಬೇಡಿ. ನಾಯಕರ ಕಾಲದ ಗೋಪುರ, ಮಂಟಪದ ಕಂಬಗಳು, ಊರ ಹೊರಗಿನ ವೆಂಕಟಪ್ಪನ ಬಾವಿ ಸೇರಿ ಒಂದು ತಾಸು ಬೇಕೇ ಬೇಕು. ಇಟಗಿಯ ಮಹಾದೇವ ದೇವಾಲಯವನ್ನು (1112ರ ಕಟ್ಟಡ, ಶಾಸನದಲ್ಲೇ ‘ದೇವಾಲಯ ಚಕ್ರವರ್ತಿ’ ಎನಿಸಿಕೊಂಡದ್ದು) ಇದೇ ದಿನಕ್ಕೆ ತುರುಕಬೇಡಿ. ಅದು ಕೊಪ್ಪಳದಿಂದ ಇನ್ನೊಂದು ದಿಕ್ಕು. ಇಟಗಿ-ಕುಕನೂರು ನೋಡಲೇಬೇಕೆಂದರೆ ಮರುದಿನ.

ಗಾಡಿಯಲ್ಲಿ ಇರಬೇಕಾದದ್ದು: ಮಧ್ಯಾಹ್ನದವರೆಗೆ ತಲೆಗೆ ಒಂದೂವರೆ ಲೀಟರ್ ನೀರು, ಓಆರ್‌ಎಸ್ ಪೊಟ್ಟಣ, 20 ಲೀಟರಿನ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್, ಟಾರ್ಪಾಲಿನ ತುಂಡು, ಚಿಲ್ಲರೆ ಹಣ. ತಾವರಗೇರಾ ಆಚೆಯ ಹಳ್ಳಿಗಳಲ್ಲಿ ನೆಟ್‌ವರ್ಕ್ ಹೋದಾಗ ಫೋನ್‌ಪೇ ನಂಬಿ ಕೂತರೆ ಕೆಲಸ ಆಗುವುದಿಲ್ಲ. ಹೆಣ್ಣುಮಕ್ಕಳಿರುವ ಗುಂಪಿಗೆ ಶೌಚಾಲಯ ಎಲ್ಲೆಲ್ಲಿ ಎಂದು ಗೈಡ್‌ಗೆ ಬಾಯಿಪಾಠ ಇರಬೇಕು. ಹೆದ್ದಾರಿಯ ಪೆಟ್ರೋಲ್ ಬಂಕ್, ತೋಟದ ಮನೆ, ಹೋಟೆಲು: ಒಂದೊಂದನ್ನೂ ಮೊದಲೇ ಹೋಗಿ ನೋಡಿಬನ್ನಿ.

ಸಾಲಿನ ನಡುವೆ

ದಿನದ ಜೀವ ಇರುವುದು ಇಲ್ಲಿ. ಒಳಗೆ ಕಾಲಿಡುವ ಮೊದಲು ತೋಟದವರಿಗೆ ಎರಡು ಪ್ರಶ್ನೆ: ಕೊನೆಯ ಸಲ ಔಷಧಿ ಹೊಡೆದದ್ದು ಯಾವಾಗ, ಹೊಡೆದದ್ದು ಏನು. ಡೌನಿ ರೋಗ, ಬೂದಿ ರೋಗಕ್ಕೆಂದು ದ್ರಾಕ್ಷಿಗೆ ಸಿಂಪಡಣೆ ಹೆಚ್ಚು. ಎಲೆಯ ಮೇಲೆ ನೀಲಿ-ಬಿಳಿ ಕಲೆ ಕಂಡರೆ ಅದು ಬೋರ್ಡೊ ದ್ರಾವಣದ್ದು. ಆ ದಿನ ಅಥವಾ ಹಿಂದಿನ ದಿನ ಹೊಡೆದಿದ್ದರೆ ಆ ಪ್ಲಾಟ್ ಬಿಟ್ಟು ಬೇರೆ ಕಡೆ ಹೋಗಿ. ತೋಟದವರು ತೋರಿಸಿದ ಬಳ್ಳಿಯಿಂದ ಮಾತ್ರ, ತೊಳೆದು, ತಿನ್ನಲು ಕೊಡಿ.

ನೋಟ ಶುರುವಾಗುವುದು ಬಳ್ಳಿ ಕಟ್ಟಿದ ರೀತಿಯಿಂದ. ತಿನ್ನುವ ದ್ರಾಕ್ಷಿಯನ್ನು ಹೆಚ್ಚಾಗಿ ತಲೆಯ ಮೇಲಿನ ಚಪ್ಪರಕ್ಕೋ ವೈ ಆಕಾರದ ಕಂಬಕ್ಕೋ ಹಬ್ಬಿಸುತ್ತಾರೆ. ಒಳಗೆ ನಡೆದರೆ ನೆರಳು, ಗೊಂಚಲು ತಲೆಯ ಮಟ್ಟದಲ್ಲಿ ತೂಗುತ್ತಿರುತ್ತವೆ. ವೈನ್ ದ್ರಾಕ್ಷಿ ಸಾಮಾನ್ಯವಾಗಿ ನೆಟ್ಟಗೆ ಎಳೆದ ತಂತಿಗಳ ಮೇಲೆ ಬೇಲಿಯಂತೆ ನಿಂತಿರುತ್ತದೆ, ಗೊಂಚಲು ಮೊಣಕಾಲು-ಸೊಂಟದ ನಡುವೆ. ಹಣ್ಣಿಗೆ ಗಾಳಿ, ಬಿಸಿಲು ಹದವಾಗಿ ಸಿಗಲಿ, ರೋಗ ಕಡಿಮೆಯಾಗಲಿ ಅನ್ನುವುದು ಉದ್ದೇಶ. ಬುಡದಲ್ಲಿ ಕಸಿಯ ಗಂಟು ಹುಡುಕಿ ತೋರಿಸಿ. ಕೆಳಗಿನ ಬೇರು ಡಾಗ್‌ರಿಡ್ಜ್‌ನಂಥ ಬೇರುಸಸಿಯದು, ಬರ ಮತ್ತು ಚೌಳು ತಡೆಯುವಂಥದ್ದು; ಮೇಲಿನದು ಮಾತ್ರ ಕ್ಯಾಬರ್ನೆಯೋ ಶಿರಾಜೋ. ಹನಿ ನೀರಾವರಿಯ ಪೈಪು ಕಾಲಿಗೆ ತೊಡರುತ್ತದೆ, ಮುಂದೆ ನಡೆಯುವವರು ಎಚ್ಚರ ಹೇಳುತ್ತಿರಲಿ.

ಇನ್ನು ಕೈಯಿಂದ ಮಾಡಿಸುವ ಪರೀಕ್ಷೆ. ಕೆಂಪು ವೈನಿನ ಒಂದು ಹಣ್ಣನ್ನು ಬಿಳಿ ತಟ್ಟೆಯ ಮೇಲೆ ಮೆಲ್ಲಗೆ ಹಿಸುಕಿಸಿ. ಕ್ಯಾಬರ್ನೆ, ಶಿರಾಜ್ ಎರಡರ ರಸಕ್ಕೂ ಬಣ್ಣವಿಲ್ಲ, ತಿಳಿ ಹಸಿರು ಅಷ್ಟೆ. ಬಣ್ಣವೆಲ್ಲ ಸಿಪ್ಪೆಯಲ್ಲಿ. ಈಗ ಸಿಪ್ಪೆಯನ್ನು ಬೆರಳುಗಳ ನಡುವೆ ಹತ್ತು ಸಲ ಉಜ್ಜಲು ಹೇಳಿ, ಬೆರಳು ನೇರಳೆಯಾಗುತ್ತದೆ. ಸಿಪ್ಪೆಯ ಜೊತೆ ಹುದುಗಿಸಿದರೆ ಕೆಂಪು ವೈನ್, ರಸವನ್ನು ಬೇರೆ ಮಾಡಿ ಹುದುಗಿಸಿದರೆ ಬಿಳಿ, ಸ್ವಲ್ಪ ಹೊತ್ತು ಮಾತ್ರ ಸಿಪ್ಪೆ ತಾಗಿಸಿದರೆ ರೋಸೆ ಎಂದು ವಿವರಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆಮೇಲೆ ಬೀಜ ತೆಗೆದು ನೋಡಿಸಿ. ಹಸಿರಾಗಿದ್ದರೆ ಹಣ್ಣು ಇನ್ನೂ ಕಾಯಿ, ಕಚ್ಚಿದರೆ ಬಾಯಿ ಒಗರು. ಕಂದು ಬಣ್ಣಕ್ಕೆ ತಿರುಗಿ ಕಟುಂ ಎಂದು ಮುರಿದರೆ ಮಾಗಿದೆ. ಪಕ್ಕದಲ್ಲಿ ಬೀಜವಿಲ್ಲದ ಥಾಮ್ಸನ್ ಅಥವಾ ಶರದ್ ದ್ರಾಕ್ಷಿಯ ನಾಲ್ಕು ಹಣ್ಣು ಇಟ್ಟುಕೊಂಡಿದ್ದರೆ ವ್ಯತ್ಯಾಸ ನಾಲಿಗೆಗೇ ತಿಳಿಯುತ್ತದೆ: ವೈನ್ ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಸಿಹಿ ಹೆಚ್ಚು.

ಸಿಹಿಯನ್ನು ಅಳೆಯಲು ಕೈ ರಿಫ್ರ್ಯಾಕ್ಟೋಮೀಟರ್ ಒಂದನ್ನು ಕೊಂಡಿಡಿ. ಮೊದಲು ಶುದ್ಧ ನೀರಿನ ಎರಡು ಹನಿ ಹಾಕಿ ಸೊನ್ನೆಗೆ ತನ್ನಿ, ಒರೆಸಿ, ನಂತರ ರಸದ ಹನಿ. ತಪ್ಪಾಗುವುದು ಇಲ್ಲೇ: ಕಣ್ಣಿಗೆ ಚೆಂದ ಕಂಡ ಒಂದೇ ಹಣ್ಣು ಹಿಸುಕಿ ಅಂಕಿ ಹೇಳಿಬಿಡುತ್ತಾರೆ. ಗೊಂಚಲಿನ ಭುಜದ ಹಣ್ಣು ತುದಿಯದಕ್ಕಿಂತ ಸಿಹಿ, ಬಿಸಿಲು ಬೀಳುವ ಮಗ್ಗುಲಿನದು ನೆರಳಿನದಕ್ಕಿಂತ ಸಿಹಿ. ಸಾಲಿನ ಎರಡೂ ಕಡೆಯಿಂದ ಹತ್ತು-ಹನ್ನೆರಡು ಹಣ್ಣು ಒಟ್ಟು ಹಿಸುಕಿ ಅಳೆಯಬೇಕು. ಕೆಂಪು ವೈನಿಗೆ 22ರಿಂದ 24 ಬ್ರಿಕ್ಸ್ (ರಸದಲ್ಲಿರುವ ಸಕ್ಕರೆಯ ಅಳತೆ) ಬಂದಾಗ ಕೊಯ್ಲು. ಆ ಅಂಕಿಯನ್ನು 0.55ರಿಂದ ಗುಣಿಸಿದರೆ ವೈನಿನ ಮದ್ಯಸಾರದ ಶೇಕಡಾ ಹತ್ತಿರ ಹತ್ತಿರ ಸಿಗುತ್ತದೆ: 24 ಬ್ರಿಕ್ಸ್‌ಗೆ ಸುಮಾರು 13. ಮಧ್ಯಾಹ್ನ ರುಚಿ ನೋಡುವಾಗ ಬಾಟಲಿಯ ಲೇಬಲ್ ಮೇಲೆ ಇದೇ ಅಂಕಿ ಕಂಡರೆ ಬೆಳಗಿನ ಪಾಠ ಅಲ್ಲಿ ಕೂಡಿಕೊಳ್ಳುತ್ತದೆ.

ಕೊಯ್ಲು ನಡೆಯುತ್ತಿದ್ದರೆ ಸಾಲಿನ ತುದಿಯಲ್ಲಿ ನಿಂತು ನೋಡಿ, ಕ್ರೇಟ್ ಸಾಗುವ ದಾರಿಗೆ ಅಡ್ಡ ಬರಬೇಡಿ. ಹಣ್ಣು ಬಿಸಿಯಾಗುವ ಮೊದಲೇ ವೈನರಿ ಸೇರಬೇಕು, ಅದಕ್ಕೇ ಬೆಳಗಿನ ಜಾವದ ಧಾವಂತ. ಕೊಯ್ಯುವ ಅಕ್ಕಂದಿರ ಫೋಟೊ ತೆಗೆಯುವ ಮುನ್ನ ಅವರನ್ನೇ ಕೇಳಿ. ಮಾಲೀಕರ ಒಪ್ಪಿಗೆ ಅವರ ಒಪ್ಪಿಗೆಯಲ್ಲ.

ವೈನರಿಯೊಳಗೆ

ಒಂದು ಅಪಾಯವನ್ನು ಎಲ್ಲರಿಗಿಂತ ಮೊದಲು ಹೇಳಿ. ಹುದುಗು ಎದ್ದ ಟ್ಯಾಂಕಿನಿಂದ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಬಣ್ಣವಿಲ್ಲ, ಗಾಳಿಗಿಂತ ಭಾರ, ಟ್ಯಾಂಕಿನ ಬಾಯಿಯಲ್ಲೂ ತಗ್ಗಿನಲ್ಲೂ ಕೂತಿರುತ್ತದೆ. ಮುಚ್ಚಳ ತೆಗೆದ ಟ್ಯಾಂಕಿನೊಳಗೆ ತಲೆ ಬಗ್ಗಿಸಿದವರಿಗೆ ಎರಡು ಉಸಿರಿಗೆ ತಲೆ ಸುತ್ತಬಹುದು. ಮಕ್ಕಳ ಕೈ ಬಿಡಬೇಡಿ, ಏಣಿ ಹತ್ತಿಸಬೇಡಿ.

ಉಳಿದದ್ದನ್ನು ವೈನರಿಯವರೇ ತೋರಿಸುತ್ತಾರೆ, ಗೈಡ್ ಅನುವಾದ ಮಾಡಿದರೆ ಸಾಕು. ಗೊತ್ತಿರಬೇಕಾದ ಅಂಕಿಗಳು: ಬಿಳಿ ವೈನ್ ಹುದುಗುವುದು ಸುಮಾರು 14-18 ಡಿಗ್ರಿಯಲ್ಲಿ, ಕೆಂಪು 25-30ರಲ್ಲಿ. ನಮ್ಮ ಹವೆಗೆ ಬಿಳಿಯನ್ನು ತಣ್ಣಗಿಡುವುದೇ ದೊಡ್ಡ ಖರ್ಚು, ಅದಕ್ಕೇ ಟ್ಯಾಂಕಿಗೆ ಸುತ್ತಲೂ ತಣ್ಣೀರಿನ ಹೊದಿಕೆ. 750 ಮಿ.ಲೀ. ಬಾಟಲಿ ಒಂದಕ್ಕೆ ಒಂದು ಕಿಲೋಗಿಂತ ತುಸು ಹೆಚ್ಚು ಹಣ್ಣು. ಕರ್ನಾಟಕದಲ್ಲಿ ಈ ಉದ್ಯಮಕ್ಕೆ ದಾರಿ ಮಾಡಿದ್ದು 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ.

ರುಚಿ ನೋಡುವ ಕ್ರಮ

ತಲೆಗೆ ಐದು ವೈನ್, ಒಂದೊಂದು 30 ಮಿ.ಲೀ. ಒಟ್ಟು 150 ಮಿ.ಲೀ., ಅಂದರೆ ಹೋಟೆಲಿನ ಒಂದು ಗ್ಲಾಸ್. ಇದಕ್ಕಿಂತ ಹೆಚ್ಚು ಬೇಡ. ಉಗುಳುವ ಪಾತ್ರೆ ಮೇಜಿನ ಮೇಲೆ ಇರಲೇಬೇಕು. ನಮ್ಮವರಿಗೆ ಉಗುಳುವುದು ನಾಚಿಕೆ, ದುಡ್ಡು ಕೊಟ್ಟದ್ದನ್ನು ಚೆಲ್ಲುವುದು ಸಂಕಟ. ಗೈಡ್ ತಾನೇ ನೀರು ಬಾಯಿಗೆ ತೆಗೆದುಕೊಂಡು ಉಗುಳಿ ತೋರಿಸಿದರೆ ಸಂಕೋಚ ಹೋಗುತ್ತದೆ.

ಶಾಖ ಸರಿ ಇಲ್ಲದಿದ್ದರೆ ಎಂಥ ವೈನೂ ಕೆಟ್ಟದಾಗಿ ಕಾಣುತ್ತದೆ. ಬಿಳಿ, ರೋಸೆಗೆ 8-10 ಡಿಗ್ರಿ, ಕೆಂಪಿಗೆ 16-18. ‘ಕೆಂಪು ವೈನ್ ಕೋಣೆಯ ಶಾಖದಲ್ಲಿ’ ಅನ್ನುವುದು ತಣ್ಣನೆಯ ದೇಶದ ಮಾತು. ಫೆಬ್ರವರಿ ಮಧ್ಯಾಹ್ನ ನಮ್ಮ ಕೋಣೆ 30 ದಾಟಿರುತ್ತದೆ, ಆ ಶಾಖದಲ್ಲಿ ಕ್ಯಾಬರ್ನೆ ಬರೀ ಸ್ಪಿರಿಟ್ ವಾಸನೆ ಹೊಡೆಯುತ್ತದೆ. ಬಕೆಟ್ಟಿನಲ್ಲಿ ಅರ್ಧ ಐಸ್, ಅರ್ಧ ನೀರು, ಒಂದು ಹಿಡಿ ಉಪ್ಪು ಹಾಕಿ ಕೆಂಪನ್ನು ಹತ್ತು ನಿಮಿಷ, ಬಿಳಿಯನ್ನು ಇಪ್ಪತ್ತು ನಿಮಿಷ ಮುಳುಗಿಸಿಡಿ. ಬರೀ ಐಸ್ ತುಂಬಿದರೆ ಬಾಟಲಿಗೆ ತಾಗುವುದು ಕಡಿಮೆ, ತಣ್ಣಗಾಗಲು ಎರಡು ಪಟ್ಟು ಹೊತ್ತು.

ಮೊದಲು ಬಿಳಿ (ಸೊವಿನ್ಯೋ ಬ್ಲಾಂ, ಶೆನಿನ್ ಬ್ಲಾಂ), ಆಮೇಲೆ ರೋಸೆ, ಹಗುರ ಕೆಂಪು, ಗಡಸು ಕೆಂಪು, ಸಿಹಿ ಇದ್ದರೆ ಕೊನೆಗೆ. ಹಿಂದುಮುಂದಾದರೆ ಕೆಂಪಿನ ಒಗರು ಬಿಳಿಯ ಸೂಕ್ಷ್ಮವನ್ನು ಅಳಿಸುತ್ತದೆ. ಪ್ರತಿ ವೈನಿಗೂ ಹೀಗೆ: ಬಿಳಿ ಕಾಗದದ ಮೇಲೆ ಗ್ಲಾಸ್ ವಾಲಿಸಿ ಬಣ್ಣ ನೋಡುವುದು, ಅಲುಗಿಸದೆ ಒಮ್ಮೆ ಮೂಸುವುದು, ಮೂರು ಸುತ್ತು ತಿರುಗಿಸಿ ಮತ್ತೆ ಮೂಸುವುದು, ಸಣ್ಣ ಗುಟುಕನ್ನು ಬಾಯಿತುಂಬ ಆಡಿಸಿ ಐದು ಎಣಿಸುವುದು, ನುಂಗಿದ ಅಥವಾ ಉಗುಳಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯಿತೆಂದು ಗಮನಿಸುವುದು. ಘಮಕ್ಕೆ ಹೆಸರು ಹುಡುಕುವಾಗ ಯಾರೂ ಕಂಡಿರದ ಬ್ಲ್ಯಾಕ್‌ಕರಂಟ್ ಹಣ್ಣನ್ನು ಹೇಳಬೇಡಿ. ನೇರಳೆ ಹಣ್ಣು, ಸೀಬೆ, ನಿಂಬೆ ಸಿಪ್ಪೆ, ಕಾಳುಮೆಣಸು, ಒಣ ಕೊಬ್ಬರಿ, ಮೊದಲ ಮಳೆ ಬಿದ್ದ ಮಸಾರಿ ಹೊಲ: ಇವು ಎಲ್ಲರ ಮೂಗಿಗೂ ಗೊತ್ತು.

ನಡುನಡುವೆ ನಾಲಿಗೆ ತೊಳೆಯಲು ಚಟ್ನಿ ಸವರದ ಖಡಕ್ ಜೋಳದ ರೊಟ್ಟಿಯ ಚೂರು ಕೊಡಿ. ಎಣ್ಣೆಯಿಲ್ಲ, ಸಿಹಿಯಿಲ್ಲ, ಒಗರನ್ನು ಹೀರಿಕೊಳ್ಳುತ್ತದೆ, ಬಿಸ್ಕತ್ತಿಗಿಂತ ಮೇಲು. ಎಲೆ-ಅಡಿಕೆ, ಗುಟ್ಕಾ, ಪೆಪ್ಪರ್‌ಮಿಂಟ್ ಒಂದು ತಾಸು ಮೊದಲೇ ಬಿಟ್ಟಿರಬೇಕು. ಮಿರ್ಚಿ ಭಜಿ ಬೇಡ ಅಂದದ್ದು ಇದಕ್ಕೇ: ಮೆಣಸಿನಕಾಯಿಯ ಉರಿಯನ್ನು ಮದ್ಯಸಾರವೂ ಕೆಂಪು ವೈನಿನ ಒಗರೂ ಇಮ್ಮಡಿ ಮಾಡುತ್ತವೆ, ನಾಲಿಗೆಗೆ ಬೇರೇನೂ ತಿಳಿಯುವುದಿಲ್ಲ.

ಮೂರನೇ ವೈನಿಗೇ ಯಾರಾದರೂ ಜೋರು ಮಾತಿಗೆ ಇಳಿದರೆ ಅವರ ಮುಂದೆ ನೀರಿಡಿ, ಮುಂದಿನದನ್ನು ಹತ್ತು ನಿಮಿಷ ತಡಮಾಡಿ. ಬೆಳಿಗ್ಗೆ ತಿಂಡಿ ಬಿಟ್ಟವರಿಗೇ ಹೀಗಾಗುವುದು. ತಿಂಡಿಯ ಹೊತ್ತಿನಲ್ಲಿ ಯಾರು ಏನು ತಿಂದರು ಎಂದು ಕಣ್ಣಿಟ್ಟಿರಿ.

ಊಟ, ಆಮೇಲಿನ ಹೊತ್ತು

ಬಿಸಿ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಝುಣಕ, ಗುರೆಳ್ಳು ಚಟ್ನಿ, ಕೆನೆಮೊಸರು. ಖಾನಾವಳಿಯವರಿಗೆ ಹಿಂದಿನ ದಿನವೇ ಹೇಳಿದ್ದರೆ ಎರಡು ಗಂಟೆಗೂ ರೊಟ್ಟಿ ಬಿಸಿಯಾಗಿ ಬರುತ್ತದೆ. ಲೈಸೆನ್ಸ್ ಇರುವ ಜಾಗದಲ್ಲೇ ಊಟವಾದರೆ ಎಣ್ಣೆಗಾಯಿಗೆ ಶಿರಾಜ್ ಚೆನ್ನಾಗಿ ಕೂಡುತ್ತದೆ, ಏಕೆಂದರೆ ಶೇಂಗಾ-ಎಳ್ಳಿನ ಜಿಡ್ಡು ಒಗರನ್ನು ಮೆತ್ತಗೆ ಮಾಡುತ್ತದೆ. ಖಾರದ ಪಲ್ಯಕ್ಕೆ ತುಸು ಸಿಹಿ ಇರುವ ಶೆನಿನ್ ಬ್ಲಾಂ. ಕೊನೆಗೆ ಎಲ್ಲರಿಗೂ ಮಜ್ಜಿಗೆ.

ಆಮೇಲೆ ಯಾರನ್ನೂ ಗುಡ್ಡ ಹತ್ತಿಸಬೇಡಿ, ನೀರಿಗೆ ಇಳಿಸಬೇಡಿ. ಸಾಣಾಪುರ ಕೆರೆ, ತುಂಗಭದ್ರೆಯ ದಂಡೆ ಸಂಜೆಗೆ ಕೈ ಬೀಸಿ ಕರೆಯುತ್ತವೆ. ಹೊಳೆಯಲ್ಲಿ ಸುಳಿಯಿದೆ, ಮೊಸಳೆಯಿದೆ, ಹೊಟ್ಟೆಯಲ್ಲಿ ವೈನ್ ಇದ್ದವರಿಗೆ ಎರಡೂ ಕಾಣುವುದಿಲ್ಲ. ಅತಿಥಿ ಮುನಿಸಿಕೊಂಡರೂ ಗಾಡಿ ಅತ್ತ ತಿರುಗಬಾರದು. ಕೊಪ್ಪಳಕ್ಕೆ ಮರಳುವವರಿಗೆ ಕಿನ್ನಾಳ ಒಳ್ಳೆಯ ಸಂಜೆ. ಚಿತ್ರಗಾರರ ಮನೆಯ ಮುಂದೆ ಕೂತು ಹಗುರ ಮರದ ಗೊಂಬೆಗೆ ಹುಣಸೆ ಬೀಜದ ಅಂಟಿನ ಲೇಪ ಏರುವುದನ್ನು ನೋಡಬಹುದು, ಬೇಕಾದವರು ಕೊಳ್ಳಬಹುದು.

ದರ ಕಟ್ಟುವುದು

ಟ್ಯಾಕ್ಸಿಯವರು ಹೊರಊರಿನ ಬಾಡಿಗೆಗೆ ದಿನಕ್ಕೆ 250-300 ಕಿ.ಮೀ. ಕನಿಷ್ಠ ಲೆಕ್ಕ ಹಿಡಿಯುವುದು ವಾಡಿಕೆ, ಆದ್ದರಿಂದ 180 ಓಡಿದರೂ 300ರ ಹಣ ಎಂದೇ ಇಟ್ಟುಕೊಳ್ಳಿ. ಅದಕ್ಕೆ ಡ್ರೈವರ್ ಬಾಟಾ, ತೋಟದ ಹಣ, ಊಟ, ನೀರು-ಐಸ್, ನಿಮ್ಮ ಸಂಬಳ, ಮೇಲೆ ಹತ್ತನೇ ಒಂದು ಭಾಗ ತುರ್ತಿಗೆ. ಈ ಮೊತ್ತವನ್ನು ಆರು ಜನಕ್ಕೆ ಹಂಚಿ ತಲೆಗಿಷ್ಟು ಎಂದು ಬೋರ್ಡ್ ಹಾಕಿದರೆ, ಇಬ್ಬರೇ ಬಂದ ದಿನ ಕೈಯಿಂದ ಕಟ್ಟಬೇಕಾಗುತ್ತದೆ. ಗಾಡಿಗೆ ಒಟ್ಟು ಇಷ್ಟು, ಊಟಕ್ಕೆ ತಲೆಗೆ ಇಷ್ಟು ಎಂದು ಎರಡು ಸಾಲಿನ ದರ ಹೇಳಿ. ಮೂರನೇ ಒಂದು ಭಾಗ ಮುಂಗಡ. ಅಕಾಲ ಮಳೆ ಬಂದು ತೋಟ ಕೆಸರಾದರೆ ದಿನ ಮುಂದೂಡುತ್ತೇವೆ, ಹಣ ಮುಟ್ಟುಗೋಲಿಲ್ಲ ಎಂದು ಬರೆದುಕೊಡಿ.

ಬಾಟಲಿ ಕೊಂಡವರಿಗೆ ಕೊನೆಯ ಕೆಲಸ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿ 50 ಡಿಗ್ರಿ ಮುಟ್ಟಬಹುದು. ಒಳಗಿನ ವೈನ್ ಹಿಗ್ಗಿ ಕಾರ್ಕನ್ನು ಮೇಲೆ ತಳ್ಳುತ್ತದೆ, ಬಾಯಲ್ಲಿ ಅಂಟು ಕಂಡರೆ ಗಾಳಿ ಹೋಗಿದೆ ಎಂದೇ ಅರ್ಥ. ಕೆಲವೇ ದಿನಕ್ಕೆ ಬೇಯಿಸಿದ ಹಣ್ಣಿನ ರುಚಿಗೆ ಇಳಿಯುತ್ತದೆ. ಬಾಟಲಿಗಳನ್ನು ಐಸ್ ಕರಗಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ಒದ್ದೆ ಟವೆಲ್ ಸುತ್ತಿ, ಎಸಿ ಗಾಳಿ ತಾಗುವ ಕಾಲಡಿಯ ಜಾಗದಲ್ಲಿ ಮಲಗಿಸಿ. ಬಿಲ್ ಪೆಟ್ಟಿಗೆಯ ಮುಚ್ಚಳಕ್ಕೇ ಅಂಟಿಸಿ. ಆಂಧ್ರ, ತೆಲಂಗಾಣಕ್ಕೆ ಹೋಗುವವರು ಅಲ್ಲಿನ ಅಬಕಾರಿ ಮಿತಿ ಎಷ್ಟು ಬಾಟಲಿಗೆ ಎಂದು ಕೊಳ್ಳುವ ಮೊದಲೇ ನೋಡಿಕೊಂಡಿರಬೇಕು, ಗಡಿಯ ಚೆಕ್‌ಪೋಸ್ಟಿನಲ್ಲಿ ಅಲ್ಲ.